ಹಳೆಯದಾಗಲೆಂದೇ ಹುಟ್ಟಿದ ಬಂಡಿ

ಹೋದ ತಿಂಗಳು ಈ ಪುಟದಲ್ಲಿ ನಾವು ಅಜ್ಜಿಯರ ಕಾಲದ ತಾಮ್ರದ ಹಂಡೆಗಳ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವಷ್ಟೆ. ಅದನ್ನು ಓದಿ, ಅಮೇರಿಕದ ಒಹಾಯೊ ಸಂಸ್ಥಾನದಲ್ಲಿ ಬಹುಕಾಲದಿಂದ ನೆಲಸಿರುವ ನಮ್ಮ ಮಿತ್ರರೊಬ್ಬರು ದೀರ್ಘವಾದ ಕಾಗದವೊಂದನ್ನು ಬರೆದು, ಅದರೊಡನೆ ಒಂದು ಭಾವಚಿತ್ರವನ್ನೂ ಕಳುಹಿಸಿದ್ದಾರೆ. "ನೀವು ನಿಮ್ಮ ಹಂಡೆಯನ್ನು ಕುರಿತು ಬರೆದಿರಿ, ನಮ್ಮ ನೆರೆಮನೆಯವರ ಹಂಡೆ ಇದು, ನೋಡಿ" ಎಂಬ ವಿನೋದದ ಮಾತಿನಿಂದ ಕಾಗದವು ಆರಂಭವಾಗಿದೆ. ಚಿತ್ರದಲ್ಲಿರುವುದು ಹಂಡೆಯಲ್ಲ, ಒಂದು ಮೋಟಾರು ಬಂಡಿ.

ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ನಾವು ಬಹಳ ಹೊತ್ತು ನೋಡಿದೆವು. ಬಂಡಿಯ ಬಣ್ಣ ತಿಳಿನೀಲಿ. ಬಟ್ಟೆಯ ಮೇಲುಹೊದಿಕೆಯನ್ನು ಹಿಂದಕ್ಕೆ ಮಡಿಸಿರುವುದರಿಂದ ಆಸನಗಳು ತೊಟ್ಟಿಯ ಮನೆಯ ಅಂಗಳದಂತೆ ಆಕಾಶಕ್ಕೆ ತೆರೆದುಕೊಂಡಿವೆ. ಹಿಂಭಾಗದ ಎರಡು ಮೂಲೆಗಳೂ ಮೀನಿನ ಈಜುರೆಕ್ಕೆಗಳಂತೆ ಚೂಪಾಗಿ ಮೇಲೆದ್ದಿವೆ. ಪಕ್ಕದಲ್ಲಿ ಗೆರೆಗೆರೆಯಾದ ಅಲ್ಯುಮಿನಿಯಂ ತಗಡಿನ ಒಂದು ತ್ರಿಕೋಣ. ಎಲ್ಲಿ ನೋಡಿದರೂ ಕ್ರೋಮಿಯಂ ಹೊಳಪು. ಪೆಟ್ರೋಲು ಹೊಯ್ಯುವ ಬಾಯಿ ಎಲ್ಲಿದೆಯೆಂದು ಹುಡುಕಿದರೆ ಕಾಣಿಸದು. ಎಡಗಡೆಯ ರೆಕ್ಕೆಯ ಹಿಂದಿನ ಹೊಳೆಯುವ ಪಟ್ಟಿಯನ್ನು ಎಳೆದರೆ ಮಾತ್ರ ಅದು ತೋರುವುದಂತೆ. ಇದು 1957ನೆಯ ವರ್ಷದ ಷೆವರ್ಲೆ ಬೆಲ್ ಏರ್ ಕನ್ವರ್ಟಿಬಲ್.

ಈ ಬಂಡಿಯ ಒಡತಿ ಎಂಬತ್ತನ್ನು ಸಮೀಪಿಸುತ್ತಿರುವ ವೃದ್ಧೆ. ಆಕೆಗೆ ಹತ್ತು ವರ್ಷವಾಗಿದ್ದಾಗ ತಂದೆಯು ಇದನ್ನು ಹೊಸದಾಗಿ ಕೊಂಡುತಂದರು. ಅಂದಿನಿಂದ ಇಂದಿನವರೆಗೆ ಅದು ಆ ಮನೆಯನ್ನು ಬಿಟ್ಟಿಲ್ಲ. ಈಗ ಆಕೆಯ ಕೈ ನಡುಗುತ್ತಿದೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ, ಅವರಿಗೆ ಇದರ ಗೊಡವೆ ಬೇಡವಾಗಿದೆ. ಒಬ್ಬ ವ್ಯಾಪಾರಿಯು ಬಂದು, ಇದನ್ನು ಬಿಚ್ಚಿ, ಬಣ್ಣ ತೆಗೆದು, ಹೊಸ ಚರ್ಮ ಹೊದಿಸಿ, ಕಾರ್ಖಾನೆಯಿಂದ ನಿನ್ನೆ ಬಂದಂತೆ ಮಾಡಿ ಮಾರುವೆನೆಂದನು. ಇನ್ನೊಬ್ಬರು, ಗಾಜಿನ ಕೋಣೆಯೊಳಗಿಟ್ಟು ಬೀಗ ಹಾಕಬೇಕೆಂದು ಸಲಹೆಯಿತ್ತರು. "ಇಂತಹ ವಸ್ತುವನ್ನು ಏನು ಮಾಡುವುದು ಉಚಿತ? ನಿಮ್ಮ ಪುಟದಲ್ಲಿ ಬರೆಯಿರಿ, ನಾನು ಆಕೆಗೆ ಓದಿ ಹೇಳುವೆನು" ಎಂದು ಮಿತ್ರರು ಕೇಳಿದ್ದಾರೆ. ಕೇಳಿದ ಮೇಲೆ ಹೇಳಬೇಕಲ್ಲವೆ? ಆದರೆ ಬಂಡಿಯ ಜಾತಕವನ್ನು ನೋಡದೆ ತೀರ್ಪು ಹೇಳುವುದು ಸರಿಯಲ್ಲ. ಮೊದಲು ಅದನ್ನು ನೋಡೋಣ.

ಷೆವರ್ಲೆ ಎಂಬ ಹೆಸರು ನಮ್ಮ ದೇಶದ ಹಿರಿಯರಿಗೆ ಹೊಸದಲ್ಲ. ಅದರ ಒಡೆಯರಾದ ಜನರಲ್ ಮೋಟಾರ್ಸ್ ಕಂಪೆನಿಯವರು 1928ರಲ್ಲಿ ಮುಂಬಯಿಯಲ್ಲಿ ಬಂಡಿಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆದು, 1954ರಲ್ಲಿ ಮುಚ್ಚಿದರು. ಚಿತ್ರದಲ್ಲಿರುವ ಬಂಡಿ ಅದಕ್ಕೆ ಮೂರು ವರ್ಷ ಈಚಿನದು. ಅದರ ಉದ್ದ 200 ಅಂಗುಲ, ಎಂದರೆ ಹದಿನಾರೂವರೆ ಅಡಿಗೂ ತುಸು ಹೆಚ್ಚು. ಮೇಲುಹೊದಿಕೆಯನ್ನು ಎತ್ತಿ ಇಳಿಸುವುದಕ್ಕೆ ವಿದ್ಯುತ್ತಿನಿಂದ ನಡೆಯುವ ಒಂದು ಪಂಪು ಉಂಟು; ಅದು ಎಣ್ಣೆಯನ್ನು ಒತ್ತಿ ಎರಡು ಕೊಳವೆಗಳೊಳಗಿನ ಸಲಾಕಿಗಳನ್ನು ಚಾಚುವುದು, ಬಟ್ಟೆಯ ಚಪ್ಪರವು ತಾನಾಗಿ ಏಳುವುದು. ಗಟ್ಟಿಯಾದ ಮಾಡು ಇಲ್ಲದ ಬಂಡಿಯು ಮುಚ್ಚಳವಿಲ್ಲದ ಪೆಟ್ಟಿಗೆಯಂತೆ ಹಳ್ಳತಿಟ್ಟುಗಳಲ್ಲಿ ತಿರುಚಿಕೊಳ್ಳುವ ಸಂಭವವಿರುವುದರಿಂದ, ಅದರ ಅಡಿಗಟ್ಟಿಗೆ ಅಡ್ಡಡ್ಡವಾಗಿ ಉಕ್ಕಿನ ತೊಲೆಗಳನ್ನು ಹಾಕಿ ಬಿಗಿಮಾಡಿರುತ್ತಾರೆ. ತೆರೆದ ಬಂಡಿಯು ನೋಡುವುದಕ್ಕೆ ಹಗುರ, ಹೊರುವುದಕ್ಕೆ ಭಾರ. ಆ ವರ್ಷದ ಎಂಜಿನುಗಳಲ್ಲಿ ಎಂಟು ಸಿಲಿಂಡರಿನ, 283 ಘನ ಅಂಗುಲದ ಒಂದನ್ನು ಇಂಧನವನ್ನು ಚಿಮ್ಮಿಸುವ ಹೊಸ ಏರ್ಪಾಟಿನಿಂದ 283 ಕುದುರೆಗಳ ಬಲಕ್ಕೆ ಏರಿಸಿ, ಘನ ಅಂಗುಲಕ್ಕೊಂದು ಕುದುರೆ ಎಂದು ಕಂಪೆನಿಯವರು ಹೆಮ್ಮೆಯಿಂದ ಸಾರಿದರು. ಬೆಲೆ ಎರಡೂವರೆ ಸಾವಿರ ಡಾಲರಿನ ಆಸುಪಾಸು. ಆ ವರ್ಷ ಈ ಮಾದರಿಯ ತೆರೆದ ಬಂಡಿಗಳು 47,000ಕ್ಕೂ ಹೆಚ್ಚಾಗಿ ತಯಾರಾದುವು.

ಎಂತಹ ಕಾಲವದು! ಯುದ್ಧದ ನಿಮಿತ್ತವಾಗಿ 1942ರಲ್ಲಿ ಅಮೇರಿಕದ ಕಾರ್ಖಾನೆಗಳು ಜನರಿಗಾಗಿ ಮೋಟಾರು ಮಾಡುವುದನ್ನು ನಿಲ್ಲಿಸಿದ್ದುವು. ಮೂರು ವರ್ಷ ಟ್ಯಾಂಕುಗಳನ್ನೂ ವಿಮಾನಗಳನ್ನೂ ಮಾಡಿದ ಆ ಕೈಗಳು 1945ರಲ್ಲಿ ಮತ್ತೆ ಬಂಡಿಗೆ ತಿರುಗಿದಾಗ, ಕೊಳ್ಳುವವರು ಬಾಗಿಲಲ್ಲಿ ಕಾದು ನಿಂತಿದ್ದರು. ಯುದ್ಧದಿಂದ ಮರಳಿದ ತರುಣರು ಮದುವೆಯಾಗಿ, ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಮನೆ ಹೂಡಿದರು. ಅಲ್ಲಿ ಅಂಗಡಿಗೂ ಬಂಡಿ ಬೇಕು, ಶಾಲೆಗೂ ಬಂಡಿ ಬೇಕು. ಬಂಡಿಯೊಳಗೆ ಕುಳಿತೇ ಸಿನಿಮಾ ನೋಡುವ ಬಯಲುಗಳು ಹುಟ್ಟಿದುವು. ದಾರಿಬದಿಯಲ್ಲಿ ಬಂಡಿ ನಿಲ್ಲಿಸಿ ರಾತ್ರಿ ಕಳೆಯುವ ತಂಗುಮನೆಗಳು ಹುಟ್ಟಿದುವು. ಗ್ಯಾಲನ್ ಪೆಟ್ರೋಲಿಗೆ ಸುಮಾರು ಮೂವತ್ತು ಸೆಂಟು. 1956ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಐಸೆನ್‌ಹೋವರರು ಸಹಿ ಮಾಡಿದ ಶಾಸನದಂತೆ 41,000 ಮೈಲಿಗಳ ಹೆದ್ದಾರಿಗಳಿಗೆ ಏರ್ಪಾಡಾಯಿತು. ವೆಚ್ಚದ ನೂರಕ್ಕೆ ತೊಂಬತ್ತು ಪಾಲು ಕೇಂದ್ರ ಸರ್ಕಾರದ್ದು. ಇಂತಹ ದಾರಿಯ ಮೇಲೆ ಮೇಲುಹೊದಿಕೆಯನ್ನು ಮಡಿಸಿ, ತಲೆಗೂದಲನ್ನು ಗಾಳಿಗೊಡ್ಡಿ ಹೋಗುವವನಿಗೆ, ನಾಳೆಯು ಇಂದಿಗಿಂತ ಚೆನ್ನಾಗಿಯೇ ಇರುವುದೆಂಬ ನಂಬಿಕೆ ಬಂದುದರಲ್ಲಿ ಆಶ್ಚರ್ಯವೇನು?

ಆದರೆ ಈ ನಂಬಿಕೆಗೆ ಇನ್ನೊಂದು ಮುಖವಿತ್ತು. ನಾಳೆಯದು ಚೆನ್ನಾಗಿರಬೇಕಾದರೆ ಇಂದಿನದು ಸಪ್ಪೆಯಾಗಬೇಕಷ್ಟೆ. ಆ ಕಂಪೆನಿಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಸ್ಲೋನರು ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದರು. 1927ರಲ್ಲಿ ಅವರು ಹಾರ್ಲಿ ಅರ್ಲ್ ಎಂಬ ಹಾಲಿವುಡ್ಡಿನ ಕುಶಲಿಯನ್ನು ಕರೆತಂದು, ಬಂಡಿಗಳ ರೂಪವನ್ನು ಮಾತ್ರ ಚಿಂತಿಸುವ ಒಂದು ಇಲಾಖೆಯನ್ನು ತೆರೆದರು. ಅರ್ಲರು ಜೇಡಿಮಣ್ಣಿನಿಂದ ಬಂಡಿಯ ಆಕಾರಗಳನ್ನು ಮಾಡಿಸುತ್ತಿದ್ದರು. ಯುದ್ಧಕಾಲದ ಲೈಟ್ನಿಂಗ್ ಎಂಬ ಅವಳಿ ಬಾಲದ ವಿಮಾನವನ್ನು ಕಂಡು ಅವರ ಬಳಗಕ್ಕೆ ಹೊಳೆದ ರೆಕ್ಕೆಗಳು 1948ರಲ್ಲಿ ಕ್ಯಾಡಿಲಾಕ್ ಬಂಡಿಯ ಹಿಂಭಾಗದಲ್ಲಿ ಚಿಕ್ಕದಾಗಿ ಮೂಡಿದುವು. ಬಳಿಕ ಅಮೇರಿಕದ ಬಂಡಿಗಳೆಲ್ಲಕ್ಕೂ ರೆಕ್ಕೆ ಬಂದುವು. ಅದೇ ಕಂಪೆನಿಯ ಸಂಶೋಧನಾಲಯದ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಕೆಟರಿಂಗರಂತೂ, ಗಿರಾಕಿಯನ್ನು ಸದಾ ಅತೃಪ್ತನಾಗಿಯೇ ಇಡಬೇಕೆಂದು 1929ರಲ್ಲಿ ಒಂದು ಲೇಖನವನ್ನೇ ಬರೆದರು. ಬಂಡಿ ಕೆಟ್ಟುಹೋಗುವವರೆಗೆ ಕಾಯುವವನಿಂದ ವ್ಯಾಪಾರ ಹೆಚ್ಚದು; ನೆರೆಯವನ ಹೊಸ ಬಂಡಿಯನ್ನು ಕಂಡು, ಚೆನ್ನಾಗಿ ಓಡುತ್ತಿರುವ ತನ್ನ ಬಂಡಿಯ ಮೇಲೆ ಬೇಸರಗೊಳ್ಳುವವನೇ ವ್ಯಾಪಾರಕ್ಕೆ ಬೇಕಾದವನು. ನಮ್ಮ ಸೋದರಿಯರಿಗೆ ಇದು ತಿಳಿಯದ ವಿದ್ಯೆಯಲ್ಲ. ಸೀರೆಯ ಅಂಗಡಿಯವರು ಪ್ರತಿ ಹಬ್ಬಕ್ಕೂ ಇದನ್ನೇ ಪ್ರಯೋಗಿಸುತ್ತಾರೆ.

ಈ ವಿದ್ಯೆಯು ಚಿತ್ರದ ಬಂಡಿಗೆ ಏನು ಮಾಡಿತೆಂಬುದನ್ನು ನೋಡಿ. 1955ರಲ್ಲಿ ಬಂದ ಆಕಾರವನ್ನೇ ತಿದ್ದಿ ತೀಡಿ 1957ಕ್ಕೆ ಅಣಿಮಾಡಿದ್ದರು. ಆ ವೇಳೆಗೆ ಫೋರ್ಡ್ ಕಂಪೆನಿಯವರೂ ಪ್ಲಿಮತ್ ಬಂಡಿಯವರೂ ಪೂರ್ತಿ ಹೊಸ ಆಕಾರಗಳನ್ನು ತಂದುಬಿಟ್ಟರು. ಅವುಗಳ ಪಕ್ಕದಲ್ಲಿ ಷೆವರ್ಲೆಯು ಎತ್ತರವಾಗಿ, ಹಿಂದಿನ ಕಾಲದ್ದಾಗಿ ಕಂಡಿತು. ಆ ಮಾದರಿ ವರ್ಷದ ಲೆಕ್ಕದಲ್ಲಿ ಫೋರ್ಡ್ ಬಂಡಿಗಳೇ ಮುಂದಾದುವು. 1958ಕ್ಕೆ ಷೆವರ್ಲೆಯವರು ಈ ಆಕಾರವನ್ನು ಕೈಬಿಟ್ಟು ಬೇರೊಂದನ್ನು ತಂದರು; 1959ಕ್ಕೆ ಅದನ್ನೂ ಬಿಟ್ಟು ಮತ್ತೊಂದನ್ನು ತಂದರು. ಮೂರು ವರ್ಷಕ್ಕೆ ಮೂರು ದೇಹ! ಎಂದಮೇಲೆ, ನಮ್ಮ ಮಿತ್ರರ ನೆರೆಯವರು 1957ರ ಬೇಸಗೆಯಲ್ಲಿ ಮನೆಗೆ ತಂದ ಬಂಡಿ ಆ ವರ್ಷದ ಚಳಿಗಾಲಕ್ಕೆ ಮೊದಲೇ, ಮಾಡಿದವರ ಲೆಕ್ಕದಲ್ಲಿ, ಹಳೆಯದಾಗಿತ್ತು. ಅದು ಹಳೆಯದಾಗಲೆಂದೇ ಹುಟ್ಟಿದ್ದಿತು. ಅಂದು ಹಿಂದುಳಿದುದೆನಿಸಿದ ಆ ಆಕಾರವೇ ಇಂದು ಆ ಕಾಲದ ಗುರುತಾಗಿ ನಿಂತಿರುವುದು ವಿಧಿಯ ವಿನೋದವೇ ಸರಿ.

ಹೀಗಿರುವಾಗ ಅದು ಉಳಿದುದು ಹೇಗೆ? ಮಾಡಿದವರ ಇಚ್ಛೆಯಿಂದ ಉಳಿಯಲಿಲ್ಲ. ಒಂದು ಸಂಸಾರದ ಹಟದಿಂದ ಉಳಿಯಿತು. ಒಹಾಯೊ ಶೀತದೇಶ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪು ಎರಚುವರು. ಆ ಉಪ್ಪುನೀರು ಬಂಡಿಯ ಅಡಿಗೆ ಸಿಡಿದು, ಮಡಿಕೆಗಳಲ್ಲಿ ನಿಂತು, ತಗಡನ್ನು ಒಳಗಿನಿಂದ ತಿಂದುಬಿಡುವುದು. ಹೊರಗೆ ಬಣ್ಣದ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಕಬ್ಬಿಣವೇ ಇರದು. ಆದುದರಿಂದ ಆ ತಂದೆಯು ಮೊದಲ ಹಿಮ ಬೀಳುವ ಮುನ್ನವೇ ಬಂಡಿಯನ್ನು ತೊಳೆದು ಒಣಗಿಸಿ ಒಳಗಿಡುತ್ತಿದ್ದರಂತೆ. ಆದರೆ ಒಳಗಿಟ್ಟು ಮರೆತರೂ ಕೇಡೇ. ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುವುದು, ರಬ್ಬರು ಬಿರಿಯುವುದು, ಟಯರು ನಿಂತ ಕಡೆಯೇ ಚಪ್ಪಟೆಯಾಗುವುದು, ಮಡಿಸಿಟ್ಟ ಬಟ್ಟೆಯ ಹೊದಿಕೆಯಲ್ಲಿ ಇಲಿಯು ಸಂಸಾರ ಹೂಡುವುದು. ಎಣ್ಣೆ ಬದಲಿಸಿದ ದಿನ, ಓಡಿದ ಮೈಲಿ, ಕೊಟ್ಟ ಹಣ ಇವನ್ನೆಲ್ಲ ಆ ತಂದೆಯು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಅವರ ತರುವಾಯ ಮಗಳು ಅದೇ ಪುಸ್ತಕದಲ್ಲಿ ಬರೆಯುತ್ತ ಬಂದಳು. ಹಿಂದಿನ ಆಸನದ ಹೊಲಿಗೆಯೊಂದು ಬಿಚ್ಚಿದಾಗ ತಾಯಿಯು ಮನೆಯ ಸೂಜಿಯಿಂದಲೇ ಹೊಲಿದಳಂತೆ. ಆ ಸೊಟ್ಟ ಹೊಲಿಗೆ ಇಂದಿಗೂ ಇದೆ. ವ್ಯಾಪಾರಿಯು ಮೊದಲು ಕಿತ್ತೆಸೆಯಬೇಕೆಂದುದು ಅದನ್ನೇ.

ಬೀಗ ಹಾಕಿಡಬೇಕೆನ್ನುವವರಿಗೆ ನಾವು ಒಂದು ನಿಜಸಂಗತಿಯನ್ನು ಹೇಳಬಯಸುವೆವು. ಅದೇ 1957ರ ಜೂನ್ 15ರಂದು ಓಕ್ಲಹೋಮ ಸಂಸ್ಥಾನದ ಟಲ್ಸ ನಗರದವರು, ತಮ್ಮ ಸಂಸ್ಥಾನದ ಐವತ್ತನೆಯ ವರ್ಷದ ಉತ್ಸವಕ್ಕಾಗಿ, ಹೊಚ್ಚಹೊಸದಾದ ಪ್ಲಿಮತ್ ಬೆಲ್ವಿಡೇರ್ ಬಂಡಿಯೊಂದನ್ನು ನ್ಯಾಯಸ್ಥಾನದ ಮುಂದಿನ ಹುಲ್ಲುಹಾಸಿನ ಕೆಳಗೆ ಕಾಂಕ್ರೀಟಿನ ನೆಲಮಾಳಿಗೆಯಲ್ಲಿ ಹೂಳಿದರು. ಅಣುಬಾಂಬಿಗೂ ಜಗ್ಗದ ಮಾಳಿಗೆಯೆಂದು ಹೇಳಿಕೊಂಡರು. ಐವತ್ತು ವರ್ಷದ ಮೇಲೆ ಪೆಟ್ರೋಲು ಸಿಕ್ಕುವುದೋ ಇಲ್ಲವೋ ಎಂದು ಸ್ವಲ್ಪ ಪೆಟ್ರೋಲನ್ನೂ ಜೊತೆಗಿಟ್ಟರು. 2007ರಲ್ಲಿ ಟಲ್ಸದ ಜನಸಂಖ್ಯೆ ಎಷ್ಟಾಗಿರುವುದೆಂದು ಸರಿಯಾಗಿ ಊಹಿಸಿದವರಿಗೆ ಬಂಡಿ ಬಹುಮಾನ. 2007ರ ಜೂನ್ ತಿಂಗಳಲ್ಲಿ ಸಹಸ್ರಾರು ಜನರ ಎದುರಿಗೆ ಮಾಳಿಗೆಯನ್ನು ತೆರೆದರು. ಒಳಗೆ ನೀರು ನಿಂತಿತ್ತು. ಬಂಡಿಯು ಕೆಸರಿನ ಬಣ್ಣದ ತುಕ್ಕಿನ ಮುದ್ದೆಯಾಗಿತ್ತು. ಅತಿ ಸಮೀಪವಾಗಿ ಊಹಿಸಿದ್ದ ಮನುಷ್ಯನು ಆ ವೇಳೆಗೆ ತೀರಿಕೊಂಡಿದ್ದನು. ಬಹುಮಾನವು ಅವನ ಬಂಧುಗಳ ಪಾಲಾಯಿತು. ಒಂದು ದಿನವೂ ದಾರಿಯ ಧೂಳು ಕಾಣದೆ ಅದು ಮಣ್ಣಾಯಿತು. ಬೇಸಗೆ ಬೇಸಗೆಗೂ ಬೀದಿಯಲ್ಲಿ ಓಡಾಡಿದ ನಮ್ಮ ನೀಲಿಯ ಬಂಡಿಯು, ಅದರ ಓರಗೆಯದೇ ಆಗಿಯೂ, ಇಂದಿಗೂ ಹೊಳೆಯುತ್ತಿದೆ.

ಬಳಕೆಯಿಂದಲೇ ಉಳಿದುದಕ್ಕೆ ಇನ್ನೊಂದು ನಿದರ್ಶನವು ಕ್ಯೂಬಾ ದ್ವೀಪದಲ್ಲಿರುವುದು. ಅಲ್ಲಿ 1959ರಲ್ಲಿ ಕ್ರಾಂತಿಯಾಗಿ, 1962ರ ವೇಳೆಗೆ ಅಮೇರಿಕದೊಡನೆ ವ್ಯಾಪಾರವು ಕಡಿದುಹೋಯಿತು. ಹೊಸ ಬಂಡಿಯೂ ಇಲ್ಲ, ಬಿಡಿಭಾಗವೂ ಇಲ್ಲ. ಕ್ರಾಂತಿಗೆ ಹಿಂದಿನ ಬಂಡಿಗಳನ್ನು ಮಾತ್ರ ಜನರು ಸ್ವತಂತ್ರವಾಗಿ ಕೊಂಡು ಮಾರಬಹುದೆಂಬ ನಿಯಮವು 2011ರವರೆಗೂ ನಡೆಯಿತು. ಆದುದರಿಂದ ಹವಾನಾ ನಗರದವರು ಅಜ್ಜನ ಷೆವರ್ಲೆಗೆ ಬೇರೆ ದೇಶದ ಡೀಸಲ್ ಎಂಜಿನು ಹೂಡಿ, ಸಿಕ್ಕಿದ ತಗಡನ್ನು ಬಡಿದು ಕೂಡಿಸಿ, ಬಾಡಿಗೆಗೆ ಓಡಿಸಿದರು. ಅಮೇರಿಕದ ಸಂಗ್ರಹಕಾರನು ಅದನ್ನು ಕಂಡು ಮೂಗು ಮುರಿಯಬಹುದು. ಆದರೆ ಒಂದು ಸಂಸಾರದ ಅನ್ನವನ್ನು ದುಡಿದ ಬಂಡಿಯನ್ನು ಅಸಲಲ್ಲವೆಂದು ಹಳಿಯುವುದಕ್ಕೆ ನಮಗೆ ಬಾಯಿ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಆ ಕಾಲವನ್ನೇ ಹೊಗಳಿ ಹರಸುತ್ತಿರುವೆವೆಂದು ಯಾರೂ ಭಾವಿಸಬಾರದು. ಬಂಡಿ ಸುಂದರವಾಗಿತ್ತು, ಒಳಗೆ ಕುಳಿತವರಿಗೆ ಅದು ಕ್ಷೇಮವಾಗಿರಲಿಲ್ಲ. 2009ರಲ್ಲಿ ಅಲ್ಲಿಯ ವಿಮಾ ಕಂಪೆನಿಗಳು ನಡೆಸುವ ಹೆದ್ದಾರಿ ಸುರಕ್ಷಾ ಸಂಸ್ಥೆಯವರು 1959ರ ಬೆಲ್ ಏರ್ ಬಂಡಿಯೊಂದನ್ನೂ 2009ರ ಷೆವರ್ಲೆ ಬಂಡಿಯೊಂದನ್ನೂ ಬೇಕೆಂದೇ ಎದುರುಬದುರಾಗಿ ಡಿಕ್ಕಿ ಹೊಡೆಸಿ ನೋಡಿದರು. ಹಳೆಯ ಕಬ್ಬಿಣವೇ ಗಟ್ಟಿಯೆಂದು ನಂಬಿದವರ ಬಾಯಿ ಕಟ್ಟಿತು. ಹಳೆಯದರಲ್ಲಿ ಚಾಲಕನ ಕೋಣೆಯೇ ಜಜ್ಜಿಹೋಗಿತ್ತು, ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಹೊಸದರಲ್ಲಿದ್ದವನಿಗೆ ಕಾಲಿಗೆ ಪೆಟ್ಟಾಗುತ್ತಿತ್ತು, ಅಷ್ಟೆ. ಆಸನಕ್ಕೆ ಬಿಗಿಯುವ ಪಟ್ಟಿಯು ಅಮೇರಿಕದ ಎಲ್ಲ ಹೊಸ ಬಂಡಿಗಳಲ್ಲಿ ಕಡ್ಡಾಯವಾದುದು 1968ರ ಮಾದರಿಗಳಿಂದ. ಎಂಜಿನು ಕುಟ್ಟದೆ ಓಡಲೆಂದು ಪೆಟ್ರೋಲಿಗೆ ಸೀಸವನ್ನು ಬೆರೆಸುವ ಉಪಾಯವನ್ನು 1921ರಲ್ಲಿ ಕಂಡುಹಿಡಿದವರು ಆ ಕೆಟರಿಂಗರ ಸಂಶೋಧನಾಲಯದವರೇ. ಮಕ್ಕಳ ಬುದ್ಧಿಗೆ ಕೇಡುಮಾಡುವ ಆ ವಿಷವು ಅಮೇರಿಕದ ರಸ್ತೆಗಳಿಂದ ಪೂರ್ತಿ ತೊಲಗುವುದಕ್ಕೆ 1996 ಬರಬೇಕಾಯಿತು.

ಇದಕ್ಕಿಂತಲೂ ಕಠಿನವಾದ ಇನ್ನೊಂದು ಮಾತುಂಟು. ಆ ತೆರೆದ ದಾರಿಯು ಎಲ್ಲರಿಗೂ ತೆರೆದಿರಲಿಲ್ಲ. ಕರಿಯ ಬಣ್ಣದ ಗೃಹಸ್ಥನು ಇದೇ ಬಂಡಿಯನ್ನು ಇದೇ ಹಣ ಕೊಟ್ಟು ಕೊಂಡರೂ, ಯಾವ ಊರಿನಲ್ಲಿ ಹೆಂಡತಿಮಕ್ಕಳಿಗೆ ಊಟ ಸಿಕ್ಕುವುದು, ಎಲ್ಲಿ ರಾತ್ರಿ ಮಲಗುವುದಕ್ಕೆ ಎಡೆ ಕೊಡುವರು ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡಬೇಕಾಗಿತ್ತು. ನ್ಯೂಯಾರ್ಕಿನಲ್ಲಿ ನೆಲಸಿ ಅಂಚೆ ಹಂಚುವ ಕೆಲಸದಲ್ಲಿದ್ದ ವಿಕ್ಟರ್ ಗ್ರೀನ್ ಎಂಬವರು ಅಂತಹ ವಿಳಾಸಗಳನ್ನು ಸಂಗ್ರಹಿಸಿ 1936ರಿಂದ ಒಂದು ಕೈಪಿಡಿಯನ್ನು ಪ್ರಕಟಿಸಿದರು. 1960ರಲ್ಲಿ ಅವರು ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. 1964ರ ಶಾಸನವು ಅಂತಹ ಭೇದವನ್ನು ನಿಷೇಧಿಸಿದ ಬಳಿಕವೇ ಕೆಲವು ವರ್ಷಗಳಲ್ಲಿ ಅದರ ಅವಶ್ಯಕತೆ ತಪ್ಪಿ ಪ್ರಕಟಣೆ ನಿಂತುಹೋಯಿತು. ನೀಲಿಯ ಬಂಡಿಯ ಪಕ್ಕದಲ್ಲಿ ಆ ಚಿಕ್ಕ ಕೈಪಿಡಿಯನ್ನೂ ಇಟ್ಟು ನೋಡಿದರೆ ಮಾತ್ರ ಆ ಕಾಲವು ಪೂರ್ತಿಯಾಗಿ ಕಾಣುವುದು.

ಕಾಲ ಬದಲಾಯಿಸಿತು. ಬಂಡಿಯೊಳಗೆ ತಂಪುಗಾಳಿಯ ಯಂತ್ರ ಬಂದ ಮೇಲೆ ಮೇಲುಹೊದಿಕೆ ತೆರೆಯುವವರು ಕಡಮೆಯಾದರು. ಬಂಡಿ ಮಗುಚಿದರೆ ಗತಿಯೇನೆಂಬ ವಿಚಾರವೂ ಎದ್ದಿತು. ಕ್ಯಾಡಿಲಾಕಿನವರು 1976ರ ತಮ್ಮ ಎಲ್‌ಡೊರಾಡೊ ಬಂಡಿಯನ್ನು ಅಮೇರಿಕದ ಕಡೆಯ ಕನ್ವರ್ಟಿಬಲ್ ಎಂದು ಸಾರಿದರು. ಜನರು ಅದನ್ನು ನಂಬಿ, ಮುಂದೆ ಬೆಲೆಯೇರುವುದೆಂದು ಕೊಂಡು ಬಚ್ಚಿಟ್ಟರು. ಕೆಲವೇ ವರ್ಷಗಳಲ್ಲಿ, 1982ರಲ್ಲಿ, ಕ್ರೈಸ್ಲರ್ ಕಂಪೆನಿಯವರು ಮತ್ತೆ ತೆರೆದ ಬಂಡಿಯನ್ನು ಮಾರಾಟಕ್ಕೆ ತಂದರು. ಆ ಬಳಿಕ ಕ್ಯಾಡಿಲಾಕಿನವರೂ ತಂದರು. ಲಾಭಕ್ಕಾಗಿ ಬಚ್ಚಿಟ್ಟವರ ಮುಖ ಸಣ್ಣದಾಯಿತು.

ಈಗ ನಮ್ಮ ತೀರ್ಪು. ಅಮ್ಮಾ, ನಿಮ್ಮ ಬಂಡಿಯನ್ನು ಹೊಸದು ಮಾಡಿಸಬೇಡಿ. ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು; ಮೊದಲನೆಯ ಬಣ್ಣವು ಒಂದೇ ಸಲ. ತಾಯಿಯ ಸೊಟ್ಟ ಹೊಲಿಗೆಯನ್ನು ಕಿತ್ತ ಮೇಲೆ ಅದನ್ನು ಮರಳಿ ಹಾಕಬಲ್ಲ ಕಾರೀಗಾರನು ಲೋಕದಲ್ಲಿಲ್ಲ. ಗಾಜಿನೊಳಗೂ ಇಡಬೇಡಿ, ಟಲ್ಸದ ಕಥೆ ಕೇಳಿದಿರಲ್ಲ. ನಿಮ್ಮ ಮಕ್ಕಳಿಗೆ ಬೇಡವಾದರೆ, ಕೈಗೆ ಎಣ್ಣೆ ಮೆತ್ತಿಕೊಳ್ಳಲು ಹಿಂಜರಿಯದ ಯಾರಾದರೊಬ್ಬ ತರುಣನಿಗೋ ತರುಣಿಗೋ ಕೊಡಿ. ಆ ಲೆಕ್ಕದ ಪುಸ್ತಕವನ್ನು ಮರೆಯದೆ ಜೊತೆಗೆ ಕೊಡಿ. ಮಳೆಯಿಲ್ಲದ ಭಾನುವಾರ ನಿಧಾನವಾಗಿ ಓಡಿಸಲಿ, ಆಸನದ ಪಟ್ಟಿಯನ್ನು ಹಾಕಿಸಿಕೊಂಡು ಓಡಿಸಲಿ; ಆ ಕಾಲದ ಅಂದವನ್ನು ಕಾಪಾಡುವವರು ಅದರ ಅಜಾಗ್ರತೆಯನ್ನೂ ಕಾಪಾಡಬೇಕೆಂಬ ನಿಯಮವೇನೂ ಇಲ್ಲ. ನೋಡಲು ಬಂದ ಮಕ್ಕಳಿಗೆ ರೆಕ್ಕೆಗಳ ಕಥೆಯನ್ನೂ ಹೇಳಲಿ, ಊಟ ಸಿಕ್ಕದೆ ಮುಂದಿನ ಊರಿಗೆ ಹೋದವರ ಕಥೆಯನ್ನೂ ಹೇಳಲಿ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಮಿತ್ರರಿಂದ ಇನ್ನೊಂದು ಚಿಕ್ಕ ಕಾಗದ ಬಂದಿದೆ. ಒಡತಿಯು ಇನ್ನೂ ಯಾವುದನ್ನೂ ನಿಶ್ಚಯಿಸಿಲ್ಲವಂತೆ. ಆದರೆ ಬೀದಿಯ ಕೊನೆಯ ಮನೆಯ ಹುಡುಗಿಯೊಬ್ಬಳು ಶನಿವಾರ ಶನಿವಾರ ಬಂದು ಎಣ್ಣೆ ಬದಲಿಸುವುದನ್ನು ಕಲಿಯುತ್ತಿದ್ದಾಳಂತೆ. ಪುಸ್ತಕದ ಕಡೆಯ ಸಾಲು ಅವಳ ಅಕ್ಷರದಲ್ಲಿದೆಯಂತೆ. ಇದನ್ನು ಓದಿ ನಮಗೆ ಸಮಾಧಾನವಾಯಿತು. ಓದುಗರೂ ತಮ್ಮ ಅಟ್ಟದ ಮೇಲೆ ಮೂಲೆ ಸೇರಿರುವ ಹೊಲಿಗೆಯ ಯಂತ್ರವನ್ನೋ ಗೋಡೆಯ ಗಡಿಯಾರವನ್ನೋ ಒಮ್ಮೆ ಕೆಳಗಿಳಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ನೋಡುವರಾದರೆ, ಆ ಮಾತನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುವೆವು.